ಏಳು ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಕಾಂಪ್ಯಾಕ್ಟ್ ಎಸ್‌ಯುವಿ: ಯಾವ ಇಸವಿದು ತಗೊಳ್ಳೋದು?

ಪಾಂಡವಪುರದಿಂದ ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಾನು ಪಾಂಡವಪುರ ತಾಲ್ಲೂಕಿನ ಒಂದು ಶಾಲೇಲಿ ಟೀಚರ್. ಮನೆಯಿಂದ ಶಾಲೆಗೆ 14 ಕಿಲೋಮೀಟರ್, ಅರ್ಧ ದಾರಿ ನಾಲೆ ಏರಿ ಮೇಲೆ. ತಿಂಗಳಿಗೊಂದು ಸಲ ಅಮ್ಮನ್ನ ಮಂಡಿನೋವಿಗೆ ತೋರಿಸೋಕೆ ಮೈಸೂರಿಗೆ ಕರ್ಕೊಂಡು ಹೋಗ್ಬೇಕು. ಈಗಿರೋ ಚಿಕ್ಕ ಕಾರಲ್ಲಿ ಅವರಿಗೆ ಬಗ್ಗಿ ಕೂರೋಕೂ ಆಗ್ತಿಲ್ಲ, ಎದ್ದು ಇಳಿಯೋಕೂ ಆಗ್ತಿಲ್ಲ. ಕೈಲಿರೋದು ಏಳು ಲಕ್ಷ. ಹೆಸರು ವರ್ಗಾವಣೆ, ಇನ್ಶೂರೆನ್ಸ್ ಎಲ್ಲ ಅದರಲ್ಲೇ ಮುಗೀಬೇಕು.

ಮೂರು ಗಾಡಿ ನೋಡಿದೀನಿ. 2017ರ ವಿಟಾರಾ ಬ್ರೆಜಾ ಡೀಸೆಲ್, 92 ಸಾವಿರ ಕಿ.ಮೀ. ಓಡಿದೆ, 5.4 ಲಕ್ಷ. ‘2020 ಮಾಡೆಲ್’ ಅಂತಿರೋ ನೆಕ್ಸಾನ್ ಪೆಟ್ರೋಲ್, 58 ಸಾವಿರ, 6.3 ಲಕ್ಷ. 2021ರ ವೆನ್ಯೂ 1.2 ಪೆಟ್ರೋಲ್, 34 ಸಾವಿರ, 6.9 ಲಕ್ಷ. ತಮ್ಮ ಡೀಸೆಲ್ ತಗೋ ಅಂತಾನೆ, ಭಾವ ಹೊಸ ಇಸವಿದೇ ತಗೋ ಅಂತಾರೆ. ಓಡಿಸಿರೋರು ಹೇಳಿ.

ಕುವೆಂಪುನಗರ, ಮೈಸೂರು:

ಮೇಡಂ, ಎಂಟು ವರ್ಷದಲ್ಲಿ ಮೂರು ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿದೀನಿ, ಎರಡು ನಮ್ಮನೆಗೆ, ಒಂದು ಅಕ್ಕನ ಮನೆಗೆ. ಮೊದಲನೇ ಸಲ ಬರೀ ಇಸವಿ ನೋಡಿ ದುಡ್ಡು ಕೊಟ್ಟೆ. ಆಮೇಲೆ ಅರ್ಥ ಆಯ್ತು, ಒಂದೇ ಹೆಸರಿನ ಗಾಡಿ ವರ್ಷದ ಶುರುವಲ್ಲಿ ಒಂದು ಥರ, ಕೊನೇಲಿ ಇನ್ನೊಂದು ಥರ ಬಂದಿರುತ್ತೆ ಅಂತ. ಯಾವ ತಿಂಗಳಲ್ಲಿ ಏನು ಬದಲಾಯ್ತು ಅನ್ನೋದು ತಿಳ್ಕೊಂಡು ಹೋದ್ರೆ ಇಸವಿ ಹೆಸರಲ್ಲಿ ಯಾರೂ ನಿಮಗೆ ಬಲವಂತ ಮಾಡೋಕಾಗಲ್ಲ.

ನಿಮ್ಮ ಮೂರೂ ಗಾಡಿಗೆ ಹೇಳ್ತೀನಿ. ಬ್ರೆಜಾ 2016ರ ಮಾರ್ಚ್‌ನಲ್ಲಿ ಬಂತು, ಆಗ 1.3 ಲೀಟರ್ ಡೀಸೆಲ್ ಒಂದೇ. ಅದೇ ಎಂಜಿನ್ ಸ್ವಿಫ್ಟ್, ಡಿಸೈರ್‌ಗೂ ಇತ್ತು, ಹಾಗಾಗಿ ಪಾಂಡವಪುರದಲ್ಲೂ ಅದನ್ನ ಬಿಚ್ಚಿ ಜೋಡಿಸೋ ಕೈಗಳಿವೆ. ಆದ್ರೆ ಶುರುವಿನ ಎರಡು ವರ್ಷ ಎಲ್‌ಡಿಐ, ವಿಡಿಐ ಅನ್ನೋ ಕೆಳಗಿನ ಮಾಡೆಲ್‌ಗಳಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ತಡೆಯೋದು), ಡ್ರೈವರ್ ಪಕ್ಕದ ಏರ್‌ಬ್ಯಾಗ್ ಎರಡೂ ಆಪ್ಷನ್ ಆಗಿದ್ವು. ಎಲ್ಲ ಮಾಡೆಲ್‌ಗೂ ಅವು ಕಡ್ಡಾಯವಾಗಿ ಬಂದಿದ್ದು 2018ರ ಮೇನಲ್ಲಿ. ಅಂದ್ರೆ 2017ರ ಗಾಡಿ ನೋಡುವಾಗ ಮಾಡೆಲ್ ಹೆಸರು ಸರಿಯಾಗಿ ಓದ್ಬೇಕು, ಕೊನೇಲಿ ಆಪ್ಷನ್ ಅನ್ನೋದರ ‘ಓ’ ಇಲ್ದಿದ್ರೆ ನಿಂತು ಕೇಳ್ಬೇಕು. ಅಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ನಾಲೆ ಏರಿ ಮೇಲೆ ಹೋಗೋರಿಗೆ ಎಬಿಎಸ್ ಇಲ್ಲದ ಗಾಡಿ ನಾನಂತೂ ಹೇಳಲ್ಲ, ಎಷ್ಟೇ ಅಗ್ಗ ಆದ್ರೂ.

ನೆಕ್ಸಾನ್ 2017ರ ಸೆಪ್ಟೆಂಬರ್‌ದು. ಎರಡು ಏರ್‌ಬ್ಯಾಗ್, ಎಬಿಎಸ್ ಮೊದಲಿಂದಲೂ ಇದೆ. ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಡಿಕ್ಕಿ ಪರೀಕ್ಷೆಯಲ್ಲಿ ಮೊದಲು ನಾಲ್ಕು ಸ್ಟಾರ್ ಬಂದಿತ್ತು, 2018ರ ಡಿಸೆಂಬರ್‌ನಲ್ಲಿ ಐದಾಯ್ತು. 2020ರ ಜನವರಿಯಲ್ಲಿ ಮುಖ ಬದಲಾಗಿ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮ, ಅದಕ್ಕೂ ಹಿಂದಿನದು ಬಿಎಸ್4) ಬಂತು, ಪೆಟ್ರೋಲ್ ಎಂಜಿನ್ ಶಕ್ತಿ 110ರಿಂದ 120 ಪಿಎಸ್‌ಗೆ ಹೋಯ್ತು. ಈಗ ನಿಮಗೆ ‘2020 ಮಾಡೆಲ್’ ಅಂತಿದಾರಲ್ಲ, ಅಲ್ಲಿ ನಿಲ್ಲಿ. ಆರ್‌ಸಿಯಲ್ಲಿ ರಿಜಿಸ್ಟ್ರೇಷನ್ ತಾರೀಖು ಬೇರೆ, ತಯಾರಾದ ತಿಂಗಳು-ವರ್ಷ ಬೇರೆ ಇರುತ್ತೆ. 2020ರ ಏಪ್ರಿಲ್ 1ರಿಂದ ಬಿಎಸ್6 ಮಾತ್ರ ಅಂತಾಗಿದ್ರಿಂದ, ಉಳಿದಿದ್ದ ಬಿಎಸ್4 ಗಾಡಿಗಳನ್ನ ಶೋರೂಮ್‌ನವರು ಮಾರ್ಚ್ ಒಳಗೆ ರಿಯಾಯ್ತಿ ಕೊಟ್ಟು ಖಾಲಿ ಮಾಡಿದ್ರು. ಅವೆಲ್ಲ ಈಗ ‘2020’ ಅಂತಲೇ ಮಾರಾಟಕ್ಕೆ ಬರ್ತಿವೆ. ಬಿಎಸ್4 ಅಂದ್ರೆ ಕೆಟ್ಟದ್ದಲ್ಲ, ನಮ್ಮ ಕಡೆ ಓಡಿಸೋಕೆ ಯಾವ ಅಡ್ಡಿಯೂ ಇಲ್ಲ. ಆದ್ರೆ ಬೆಲೆ 2019ರದ್ದೇ ಕೊಡ್ಬೇಕು.

ವೆನ್ಯೂ 2019ರ ಮೇನಲ್ಲಿ ಬಂದು 2022ರ ಜೂನ್‌ನಲ್ಲಿ ಮುಖ ಬದಲಾಯ್ತು. ನೀವು ನೋಡಿರೋದು ಅದರ ಮಧ್ಯದ್ದು, ಬಿಎಸ್6. 1.2 ಎಂಜಿನ್ ಸಾದಾ, ಟರ್ಬೊ ಇಲ್ಲ. ತುಂಬಿದ ಗಾಡೀಲಿ ಮೇಲುಕೋಟೆ ಹತ್ತುವಾಗ ಗೇರ್ ಇಳಿಸ್ಬೇಕಾಗುತ್ತೆ, ಅಷ್ಟೇ. ಟರ್ಬೊ ಇಲ್ಲದ್ದರಿಂದ ಮುಂದೆ ಕೆಡೋಕೆ ಒಂದು ಭಾಗ ಕಮ್ಮಿ.

ತಮ್ಮನ ಡೀಸೆಲ್ ಲೆಕ್ಕಕ್ಕೆ ಬರ್ತೀನಿ. ನಿಮ್ಮ ಓಡಾಟ ವರ್ಷಕ್ಕೆ ಒಂಬತ್ತು ಸಾವಿರ ಕಿ.ಮೀ. ದಾಟಲ್ಲ. ಪೆಟ್ರೋಲ್ ಲೀಟರಿಗೆ 15, ಡೀಸೆಲ್ 20 ಕೊಟ್ಟರೆ 600 ಲೀಟರ್ ಪೆಟ್ರೋಲ್, ಇಲ್ಲಾ 450 ಲೀಟರ್ ಡೀಸೆಲ್. ಪೆಟ್ರೋಲ್ 103, ಡೀಸೆಲ್ 91 ಅಂತಿಟ್ಕೊಂಡ್ರೆ ಉಳಿಯೋದು ಸುಮಾರು ಇಪ್ಪತ್ತು ಸಾವಿರ. ಕಮ್ಮಿ ದುಡ್ಡಲ್ಲ, ಒಪ್ತೀನಿ. ಆದ್ರೆ ಲಕ್ಷದ ಹತ್ತಿರ ಓಡಿರೋ ಡೀಸೆಲ್‌ನಲ್ಲಿ ಇಂಜೆಕ್ಟರೋ ಟರ್ಬೊನೋ ಒಂದು ಸಲ ಕೈ ಕೊಟ್ಟರೆ ಎರಡು ವರ್ಷದ ಉಳಿತಾಯ ಅಲ್ಲಿಗೇ ಹೋಗುತ್ತೆ.

ಚೌಕಾಸಿಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ ಜಿಎಸ್‌ಟಿ ಶೇ 28 ಮತ್ತು ಸೆಸ್ ಇದ್ದದ್ದು ಶೇ 18ಕ್ಕೆ ಇಳಿದಿದೆ. ವೆನ್ಯೂ 1.2, ನೆಕ್ಸಾನ್ ಪೆಟ್ರೋಲ್ ಎರಡೂ ಅದರೊಳಗೆ ಬರ್ತವೆ. ಹೊಸದರ ಬೆಲೆ ಇಳಿದ ಮೇಲೆ ಹಳೇದಕ್ಕೆ ಹಿಂದಿನ ರೇಟೇ ಹೇಳ್ತಿದ್ರೆ ಧೈರ್ಯವಾಗಿ ಕೇಳಿ.

ವಿದ್ಯಾನಗರ, ಮಂಡ್ಯ:

ಟೀಚರ್, ಡೀಸೆಲ್ ವಿಷಯಕ್ಕೆ ನಂದೂ ಸೇರಿಸ್ತೀನಿ. ನಾನು 2021ರ ಬಿಎಸ್6 ಡೀಸೆಲ್ ತಗೊಂಡೆ, ಕಂಪನಿ ಹೆಸರು ಬೇಡ. ಮನೆಯಿಂದ ಆಫೀಸಿಗೆ ನಾಲ್ಕೇ ಕಿಲೋಮೀಟರ್. ಬಿಎಸ್6 ಡೀಸೆಲ್‌ಗೆ ಹೊಗೆಯ ಮಸಿ ಹಿಡಿಯೋಕೆ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ. ಗಾಡಿ ಚೆನ್ನಾಗಿ ಬಿಸಿಯಾಗಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದ್ರೆ ಮಸಿ ತಾನೇ ಸುಟ್ಟು ಹೋಗುತ್ತೆ. ನನ್ನ ನಾಲ್ಕು ಕಿಲೋಮೀಟರ್‌ಗೆ ಅದು ಬಿಸಿ ಆಗೋಷ್ಟರಲ್ಲಿ ಆಫೀಸು ಬಂದಿರ್ತಿತ್ತು. ಏಳನೇ ತಿಂಗಳಿಗೆ ಮೀಟರ್ ಪಕ್ಕ ಹಳದಿ ಲೈಟ್ ಉರಿಯೋಕೆ ಶುರು, ಪಿಕಪ್ ಬಿದ್ದೋಯ್ತು. ಸರ್ವಿಸ್‌ನಲ್ಲಿ ಕಂಪ್ಯೂಟರ್ ಹಾಕಿ ಮಸಿ ಸುಡಿಸಿದ್ರು. ಆಮೇಲಿಂದ ಭಾನುವಾರ ಆದ್ರೆ ಸುಮ್ನೆ ಹೈವೇಲಿ ಮದ್ದೂರು ತನಕ ಹೋಗಿ ಬರ್ತೀವಿ, ಗಾಡಿಗೋಸ್ಕರ.

ನಿಮ್ಮ ಬ್ರೆಜಾ ಬಿಎಸ್4, ಅದಕ್ಕೆ ಈ ಕಾಟ ಇಲ್ಲ. ಆದ್ರೆ ಅದು ಬೇಡ ಅಂದ್ಕೊಂಡು ಹೊಸ ಇಸವಿಯ ಡೀಸೆಲ್ ಹುಡುಕೋಕೆ ಹೋಗ್ಬೇಡಿ. ದಿನಾ ನೂರು ಕಿಲೋಮೀಟರ್ ಓಡಿಸೋರಿಗೆ ಸರಿ ಅದು.

ಶ್ರೀರಂಗಪಟ್ಟಣ:

ಗದ್ದೆ ಪಕ್ಕ ನಿಲ್ಲೋ ಗಾಡಿ ಆದ್ರೆ ಬಾನೆಟ್ ಎತ್ತಿ ವೈರ್ ನೋಡಿ ಅಕ್ಕ. ಇಲಿ ಕಡಿದು ಟೇಪ್ ಸುತ್ತಿರ್ತಾರೆ. ಭತ್ತದ ಕಟಾವು ಆದ್ಮೇಲೆ ಇಲಿಗಳು ಮನೆ ಕಡೆ ಬರ್ತವೆ, ಬೆಚ್ಚಗಿರೋ ಎಂಜಿನ್ ಮೇಲೇ ಗೂಡು. ಹೊಸ ಗಾಡಿಗಳಲ್ಲಿ ಸೆನ್ಸರ್ ಜಾಸ್ತಿ, ಒಂದು ವೈರ್ ಹೋದ್ರೂ ಸ್ಟಾರ್ಟ್ ಆಗಲ್ಲ. ನಂದು ಎರಡು ಸಲ ಹಂಗೇ ನಿಂತೋಯ್ತು.

ಹೆಬ್ಬಾಳ, ಮೈಸೂರು (ಹದಿನೆಂಟು ವರ್ಷದಿಂದ ಗ್ಯಾರೇಜ್ ಕೆಲಸ):

ಮೇಡಂ, ಮೇಲೆ ಹೇಳಿದವರು ಇಸವಿ ಬಗ್ಗೆ ಸರಿಯಾಗಿ ಹೇಳವ್ರೆ. ನಾನು ಗಾಡಿ ನೋಡೋದು ಹೇಳ್ತೀನಿ.

ಬೆಳಿಗ್ಗೆ ಬೇಗ ಹೋಗಿ, ಬರ್ತೀನಿ ಅಂತ ಗಂಟೆ ಹೇಳಬ್ಯಾಡಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ನಿಮಗಿಂತ ಮುಂಚೆ ಯಾರೋ ಸ್ಟಾರ್ಟ್ ಮಾಡವ್ರೆ ಅಂತ ಅರ್ಥ. ತಣ್ಣಗಿರೋ ಎಂಜಿನ್ ಎತ್ತಿಕೊಳ್ಳೋದನ್ನ ನೋಡಿದ್ರೇನೇ ಅದರ ಆರೋಗ್ಯ ಗೊತ್ತಾಗೋದು. ಬಾನೆಟ್ ಕೀಲಿನ ಬೋಲ್ಟ್ ನೋಡಿ. ಕಂಪನಿ ಬಣ್ಣ ಬೋಲ್ಟ್ ತಲೆ ಮೇಲೆ ಹಾಗೇ ಕೂತಿರ್ಬೇಕು, ಸ್ಪ್ಯಾನರ್ ಗುರುತು ಬಿದ್ದಿದ್ರೆ ಮುಂಭಾಗ ಬಿಚ್ಚವ್ರೆ.

ಇನ್ನು ಟೈರು. ಅಂಚಲ್ಲಿ ಡಿಒಟಿ ಅಂತ ಬರೆದು ಕೊನೇಲಿ ನಾಲ್ಕು ಅಂಕಿ ಇರುತ್ತೆ. 2320 ಅಂದ್ರೆ 2020ನೇ ಇಸವಿ 23ನೇ ವಾರದಲ್ಲಿ ಆದ ಟೈರು. 2021ರ ಗಾಡಿ 34 ಸಾವಿರ ಅಷ್ಟೇ ಓಡಿದ್ರೆ ಕಂಪನಿ ಟೈರೇ ಇರ್ಬೇಕು, ನಾಲ್ಕೂ ಒಂದೇ ಹೆಸರಿಂದು. ಬದಲಾಯಿಸಿದ್ರೆ ಯಾಕೆ ಅಂತ ಕೇಳಿ. ಮೀಟರ್ ತಿರುಗಿಸೋದು ಕಷ್ಟದ ಕೆಲಸ ಅಲ್ಲ, ಆದ್ರೆ ಬ್ರೇಕ್ ಪೆಡಲ್ ರಬ್ಬರ್ ಸವೆದಿರೋದು, ಸ್ಟೇರಿಂಗ್ ಹೊಳೆಯೋದು ಮರೆಮಾಚೋಕಾಗಲ್ಲ. ಸಂಶಯ ಇದ್ರೆ ಗಾಡಿ ನಂಬರ್ ಕೊಟ್ಟು ಕಂಪನಿ ಸರ್ವಿಸ್‌ನಲ್ಲಿ ಹಳೇ ದಾಖಲೆ ತೆಗೆಸಿ, ಪ್ರತಿ ಸರ್ವಿಸ್‌ಗೂ ಎಷ್ಟು ಓಡಿತ್ತು ಅಂತ ಇರುತ್ತೆ.

ಬೆಂಗಳೂರಿಂದ ಬಂದ ಗಾಡಿ ಆದ್ರೆ ಸೀಟ್ ಬೆಲ್ಟ್ ಕೊನೆ ತನಕ ಎಳೀರಿ. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ನೀರು ನುಗ್ಗಿದಾಗ ಬೇಸ್‌ಮೆಂಟ್‌ಗಳಲ್ಲಿ ಗಾಡಿಗಳು ಮುಳುಗಿದ್ವು. ಒಳಗೆಲ್ಲ ಶಾಂಪೂ ಹಾಕಿ ತೊಳೀತಾರೆ, ಬೆಲ್ಟ್ ಸುರುಳಿಯ ತಳದಲ್ಲಿ ಕೂತ ಕೆಸರು ಹಾಗೇ ಇರುತ್ತೆ.

ಕೊನೇಗೆ ಚಾಮುಂಡಿ ಬೆಟ್ಟಕ್ಕೆ ಓಡಿಸಿ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರುತ್ತೆ, ಗಾಡಿ ಏರಲ್ಲ ಅಂದ್ರೆ ಕ್ಲಚ್ ಮುಗಿದಿದೆ. ಮೇಲೆ ಹೋದ್ಮೇಲೆ ಟೆಂಪರೇಚರ್ ನೋಡಿ. ಇಳಿಯುವಾಗ ಬ್ರೇಕ್ ಹಿಡಿದಾಗ ಸ್ಟೇರಿಂಗ್ ನಡುಗಬಾರ್ದು. ಬೆಟ್ಟ ಬೇಡ ಅಂತ ನೆಪ ಹೇಳೋರ ಗಾಡಿ ನಾನು ತಗೊಳಲ್ಲ.

ಮದ್ದೂರು:

ಕಾಗದ ಮರೀಬೇಡಿ. ಸಾಲ ಇದ್ದ ಗಾಡಿ ಆದ್ರೆ ಬ್ಯಾಂಕ್ ಎನ್‌ಒಸಿ, ಫಾರಂ 35. ಹೆಸರು ಬದಲಾವಣೆಗೆ ಫಾರಂ 29, 30. ಆನ್‌ಲೈನ್‌ನಲ್ಲಿ ದಂಡ ಬಾಕಿ ಇದೆಯಾ ನೋಡಿ, ಮೈಸೂರು-ಬೆಂಗಳೂರು ಹೈವೇ ಕ್ಯಾಮೆರಾದಲ್ಲಿ 100 ದಾಟಿದ್ದಕ್ಕೆ ಬಿದ್ದ ದಂಡಗಳು ಎಷ್ಟೋ ಗಾಡಿಗಳ ಮೇಲೆ ಕೂತಿವೆ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ. ಮಾರಿದವರ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದೇ ಇದ್ದಿದ್ದಕ್ಕೆ ಸಿಗೋ ರಿಯಾಯ್ತಿ) ನಿಮಗೆ ಬರಲ್ಲ, ಆ ವ್ಯತ್ಯಾಸದ ದುಡ್ಡು ಎತ್ತಿಟ್ಟಿರಿ. ಬೇರೆ ರಾಜ್ಯದ ಗಾಡಿ ಅಗ್ಗ ಅಂತ ಬಂದ್ರೆ ಇಲ್ಲಿನ ಜೀವಿತಾವಧಿ ತೆರಿಗೆ ಸೇರಿಸಿ ಲೆಕ್ಕ ಹಾಕಿ.

ಪಾಂಡವಪುರದಿಂದ ಕೇಳಿದವರು, ಎರಡು ವಾರದ ನಂತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಒಂದೊಂದನ್ನೂ ಬರ್ಕೊಂಡು ಹೋಗಿದ್ದೆ. ಬ್ರೆಜಾ ವಿಡಿಐ, ‘ಓ’ ಇಲ್ಲ. ಅಲ್ಲೇ ಬಿಟ್ಟೆ. ವೆನ್ಯೂ ಮೇಲೆ ನನಗೆ ಮನಸ್ಸಿತ್ತು. ಟೈರ್ ಅಂಕಿ ನೋಡಿದ್ರೆ ನಾಲ್ಕರಲ್ಲೂ 1424. 34 ಸಾವಿರಕ್ಕೆ ಟೈರ್ ಯಾಕೆ ಬದಲಾಯಿಸಿದ್ರಿ ಅಂದ್ರೆ ಪಂಕ್ಚರ್ ಆಗ್ತಿತ್ತು ಅಂದ್ರು. ಸರ್ವಿಸ್ ದಾಖಲೆ ತೆಗೆಸಿದೆ, 2024ರಲ್ಲೇ 51 ಸಾವಿರ ಓಡಿತ್ತು. ಕೇಳಿದಾಗ ಕೈ ತಣ್ಣಗಾಯ್ತು ನಂಗೆ.

ನೆಕ್ಸಾನ್ ಆರ್‌ಸಿಯಲ್ಲಿ ತಯಾರಾಗಿದ್ದು 2019ರ ನವೆಂಬರ್, ರಿಜಿಸ್ಟರ್ ಆಗಿದ್ದು 2020ರ ಜನವರಿ, ಬಿಎಸ್4. ನೀವು ಹೇಳಿದ ಹಾಗೇ. ಅದನ್ನ ತೋರಿಸಿ ಮಾತಾಡಿದ ಮೇಲೆ 5.75ಕ್ಕೆ ಇಳಿದ್ರು. ಟೈರು ಹಳೇವು, ಮುಂದಿನ ಎರಡು ಹಾಕಿಸ್ಬೇಕು, ಆದ್ರೆ ನಾಲ್ಕೂ 2019ರವೇ. ಬೆಟ್ಟ ಹತ್ತಿಸಿದೆ, ಕ್ಲಚ್ ಚೆನ್ನಾಗಿದೆ.

ಅಡ್ವಾನ್ಸ್ ಕೊಡೋ ಮುಂಚೆ ಅಮ್ಮನ್ನ ಕರ್ಕೊಂಡು ಹೋಗಿದ್ದೆ. ನೆಲದಿಂದ ಎತ್ತರ 209 ಮಿಲಿಮೀಟರ್ ಅಂತ ಓದಿ, ಕಾಲೆತ್ತೋಕೆ ಕಷ್ಟ ಆಗುತ್ತೇನೋ ಅಂತ ಭಯ ಇತ್ತು. ಅಮ್ಮ ಬಾಗಿಲಿಗೆ ಬೆನ್ನು ಮಾಡಿ ನಿಂತು ಹಾಗೇ ಹಿಂದಕ್ಕೆ ಸೀಟ್ ಮೇಲೆ ಕೂತ್ರು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸಿಕೊಂಡ್ರು. ನನ್ನ ಕೈ ಹಿಡ್ಕೊಳ್ಳಲಿಲ್ಲ. ಹೆಸರು ವರ್ಗಾವಣೆಗೆ ಸೋಮವಾರ ಆರ್‌ಟಿಒಗೆ ಹೋಗ್ತಿದೀನಿ.