ಲೈನ್ ಮನೆಗೆ ಬಂದು ಕೆಮ್ಮು, ಜ್ವರ ಬರ್ಕೊಂಡು ಹೋದ್ರು, ಇದು ಎಲ್ಲಿಗೆ ಹೋಗುತ್ತೆ?

ತೋಟದ ರೈಟರ್, ಪೊನ್ನಂಪೇಟೆ:
ನಾನು ಕೊಡಗಿನ ಒಂದ್ ತೋಟದಲ್ಲಿ ಲೆಕ್ಕ ಬರೆಯೋನು. ಮಳೆ ಹಿಡಿದು ಹದಿನೈದು ದಿನ ಆಯ್ತು, ನಮ್ ತೋಟದ ಲೈನ್‌ನಲ್ಲಿ, ಅಂದ್ರೆ ಕೆಲಸದವರ ಸಾಲು ಮನೆಗಳಲ್ಲಿ, ಒಂದ್ ಮನೆ ಬಿಟ್ಟು ಒಂದ್ ಮನೇಲಿ ಕೆಮ್ಮು. ಮೊನ್ನೆ ಆಶಾ ಅಕ್ಕ, ಸಿಸ್ಟರ್ ಇಬ್ರೂ ಬಂದು ಜ್ವರ ಯಾರಿಗೆ, ಎಷ್ಟ್ ದಿನದಿಂದ, ಉಸಿರಾಡೋಕೆ ಕಷ್ಟ ಇದ್ಯಾ ಅಂತ ಕೇಳಿ ಮೊಬೈಲಲ್ಲಿ ಹಾಕ್ಕೊಂಡು ಹೋದ್ರು. ನಮ್ಮಮ್ಮಂಗೆ ಆಸ್ಪತ್ರೇಲಿ ಮೂಗಿಗೆ ಕಡ್ಡಿ ಹಾಕಿ ಸ್ಯಾಂಪಲ್ ತಗೊಂಡಿದ್ರು, ಹತ್ ದಿನ ಆದ್ರೂ ರಿಪೋರ್ಟ್ ಬಗ್ಗೆ ಯಾರೂ ಮಾತಾಡ್ಲಿಲ್ಲ, ಅಷ್ಟ್ರಲ್ಲಿ ಅವ್ರಿಗೆ ವಾಸಿನೂ ಆಯ್ತು. ಕೆಲಸದವರಂತೂ ಹೆಸರು ಬರೆಸಿದ್ರೆ ಕೊರೋನಾದಲ್ಲಿ ಮಾಡ್ದಂಗೆ ಲೈನ್ ಸೀಲ್ ಮಾಡ್ತಾರೆ, ಕೂಲಿ ಹೋಗುತ್ತೆ ಅಂತ ಬಾಗ್ಲು ಹಾಕ್ಕೋತಾರೆ. ಅವ್ರಿಗೆ ನಾನ್ ಏನ್ ಹೇಳ್ಲಿ?

ಲ್ಯಾಬ್ ಕೆಲ್ಸದವಳು:
ಅಣ್ಣ, ಸೀಲ್ ಮಾಡೋಕಲ್ಲ ಅದು, ದಯವಿಟ್ಟು ಬಾಗ್ಲು ತೆಗೆಸಿ. 2004ರಲ್ಲಿ ಐಡಿಎಸ್‌ಪಿ ಅಂತ ದೇಶಕ್ಕೆಲ್ಲ ಒಂದು ರೋಗ ಕಣ್ಗಾವಲು ಶುರು ಮಾಡಿದ್ರು. ಸಿಸ್ಟರ್ ತುಂಬೋದು ಎಸ್ ಫಾರಂ, ಅಂದ್ರೆ ಬರೀ ಲಕ್ಷಣ. ಡಾಕ್ಟರ್ ನೋಡಿ ಇಂಥ ಕಾಯಿಲೆ ಇರಬಹುದು ಅಂತ ಹಾಕೋದು ಪಿ ಫಾರಂ, ಲ್ಯಾಬಲ್ಲಿ ಖಾತ್ರಿ ಆದದ್ದು ಎಲ್ ಫಾರಂ. ಮೊದ್ಲು ಪೇಪರಲ್ಲಿ ವಾರಕ್ಕೊಂದ್ಸಲ ಹೋಗ್ತಿತ್ತು, 2021ರಿಂದ ಐಎಚ್‌ಐಪಿ ಅನ್ನೋ ಪೋರ್ಟಲ್ ಬಂದ್ಮೇಲೆ ಜಿಲ್ಲೆಯವ್ರು ಬೇಗ ನೋಡಬಹುದು. ಒಂದೇ ಲೈನ್‌ನಲ್ಲಿ ದಿಢೀರಂತ ಜ್ವರ ಜಾಸ್ತಿ ಆದ್ರೆ ಕಣ್ಣಿಗೆ ಬೀಳೋದು ಅಲ್ಲೇ, ನೀವು ಬಾಗ್ಲು ಹಾಕಿದ್ರೆ ಆ ಲೈನ್‌ನಲ್ಲಿ ಕಾಯಿಲೆನೇ ಇಲ್ಲ ಅಂತ ಲೆಕ್ಕ.

ಕಡ್ಡಿ ಹಾಕೋದು ಎಲ್ರಿಗೂ ಅಲ್ಲ, ಹತ್ತು ದಿನದೊಳಗೆ ಶುರುವಾದ ಜ್ವರ, ಕೆಮ್ಮು ಇದ್ದು ಅಡ್ಮಿಟ್ ಆಗೋಷ್ಟು ಜೋರಾಗಿದ್ರೆ ಸಾರಿ (SARI, ತೀವ್ರ ಉಸಿರಾಟದ ಸೋಂಕು) ಕೇಸ್ ಅಂತೀವಿ, ಅವರದ್ದು ಮುಖ್ಯ. 2023ರ ಮಾರ್ಚ್‌ನಲ್ಲಿ ನಮ್ ಪಕ್ಕದ ಹಾಸನದಲ್ಲೇ ಎಚ್3ಎನ್2 ಅನ್ನೋ ಫ್ಲೂ ಜ್ವರದ ಸಾವು ವರದಿ ಆಗಿತ್ತಲ್ಲ, ಯಾವ ವೈರಸ್ ಓಡಾಡ್ತಿದೆ ಅಂತ ಗೊತ್ತಾಗೋದು ಇಂಥ ಸ್ಯಾಂಪಲ್ಲಿಂದ. 2025ರ ಜನವರಿಯಲ್ಲಿ ಬೆಂಗಳೂರಲ್ಲಿ ಎರಡು ಪುಟ್ಟ ಮಕ್ಕಳಿಗೆ ಎಚ್‌ಎಂಪಿವಿ ಅನ್ನೋ ಸೀತ, ಕೆಮ್ಮು ತರೋ ವೈರಸ್ ಸಿಕ್ಕಿದ್ದೂ ದಿನನಿತ್ಯದ ಕಣ್ಗಾವಲಲ್ಲೇ, ಆ ಮಕ್ಕಳು ಹೊರದೇಶಕ್ಕೆ ಹೋಗಿರಲೇ ಇಲ್ಲ.

ರಿಪೋರ್ಟ್ ಹೇಳದೇ ಇದ್ದದ್ದು ಮಾತ್ರ ತಪ್ಪು, ಅದನ್ನ ಸಮರ್ಥಿಸೋಕೆ ನನಗೆ ಮನಸಿಲ್ಲ. ಸ್ಯಾಂಪಲ್ ಕೊಟ್ಟವ್ರಿಗೆ ಒಂದ್ ಫೋನ್ ಮಾಡ್ಬೇಕು, ಇಲ್ಲಾಂದ್ರೆ ಮುಂದಿನ ಸಲ ಯಾರು ಮೂಗು ಒಡ್ಡುತ್ತಾರೆ?

ಸೋಮವಾರಪೇಟೆ ಅಮ್ಮ:
ನಾವೂ ಲೈನ್‌ನಲ್ಲೇ ಇದ್ವಿ. ನನ್ನ ಮಗಂಗೆ ಹತ್ ತಿಂಗಳಿದ್ದಾಗ ಸಿಸ್ಟರ್ ಅಂಗಿ ಎತ್ತಿ, ಕೈಗಡಿಯಾರ ಇಟ್ಕೊಂಡು ಪೂರಾ ಒಂದು ನಿಮಿಷ ಹೊಟ್ಟೆ ಏಳೋದು ಬೀಳೋದು ಎಣಿಸಿದ್ರು, ಅರವತ್ನಾಲ್ಕು ಬಂತು, ಉಸಿರು ಎಳೆದಾಗ ಪಕ್ಕೆ ಕೆಳಗೆ ಗುಳಿ ಬೀಳ್ತಿತ್ತು. ನಾನು ಸೀತ ಅಂದ್ಕೊಂಡು ಬಿಸಿ ಎಣ್ಣೆ ಹಚ್ಚಿ ಮಲಗಿಸಿದ್ದೆ. ಅವತ್ತೇ ಜೀಪ್ ಮಾಡ್ಕೊಂಡು ಮಡಿಕೇರಿಗೆ ಹೋದ್ವಿ, ನ್ಯುಮೋನಿಯಾ ಅಂದ್ರು. ಎರಡು ತಿಂಗಳಿಂದ ವರ್ಷದೊಳಗಿನ ಕೂಸಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದವಕ್ಕೆ 40, ಅಷ್ಟಾದ್ರೆ ಅಥವಾ ಮೀರಿದ್ರೆ ಕಾಯಬಾರದು, ಗುಳಿ ಬಿದ್ರಂತೂ ಎಣಿಸ್ತಾನೂ ಕೂರಬೇಡಿ. ರೈಟರಣ್ಣ, ಹೆಂಗಸರಿಗೆ ಇದನ್ನೇ ಹೇಳಿ.

ತೋಟದ ರೈಟರ್, ಪೊನ್ನಂಪೇಟೆ:
ಇಬ್ರಿಗೂ ಥ್ಯಾಂಕ್ಸ್ ಅಕ್ಕ. ಅಸ್ಸಾಂನವ್ರು ಐದು ಮನೆ ಇದ್ದಾರೆ, ಕನ್ನಡ ಬರಲ್ಲ, ಅದ್ರಲ್ಲೊಬ್ಬ ಹುಡುಗಂಗೆ ಅಲ್ಪಸ್ವಲ್ಪ ಬರುತ್ತೆ. ಶನಿವಾರ ಕೂಲಿ ಬಟವಾಡೆಗೆ ಎಲ್ರೂ ಸೇರ್ತಾರೆ, ಅವನನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಹೇಳ್ತೀನಿ. ಅಮ್ಮನ ರಿಪೋರ್ಟ್ ಕೇಳೋಕೆ ನಾಳೆ ಬೆಳಿಗ್ಗೆ ಚೀಟಿ ತಗೊಂಡು ನಾನೇ ಹೋಗ್ತಿದ್ದೀನಿ.