ಸಿಗ್ನಲ್‌ನಲ್ಲಿ ಆಫ್ ಆಗುತ್ತೆ, ಸ್ಲೋ ಸ್ಪೀಡ್ ಏರಿಸಿದರೆ ಗಾಡಿ ತಾನೇ ಮುಂದಕ್ಕೆ ಹೋಗುತ್ತೆ

ಪ್ರಶ್ನೆ:
110 ಸಿಸಿ ಗೇರ್‌ಲೆಸ್ ಸ್ಕೂಟರ್, ಕಾರ್ಬುರೇಟರ್ ಇರುವ ಬಿಎಸ್4 ಗಾಡಿ, 38,000 ಕಿ.ಮೀ. ಓಡಿದೆ. ಬೆಳಿಗ್ಗೆ ಚೋಕ್ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಆಫ್ ಆಗುತ್ತಿತ್ತು. ಗ್ಯಾರೇಜಿನಲ್ಲಿ ಸ್ಲೋ ಸ್ಪೀಡ್ (ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ಓಡುವ ವೇಗ) ಏರಿಸಿದರು. ಈಗ ಬ್ರೇಕ್ ಬಿಟ್ಟ ಕೂಡಲೇ ಗಾಡಿ ಸರಿಯುತ್ತೆ, ಹೊರಡುವಾಗ 10–15 ಕಿ.ಮೀ. ವೇಗದವರೆಗೂ ಗಡಗಡ ನಡುಗುತ್ತೆ. ಕ್ಲಚ್ ಸೆಟ್ ಬದಲಿಸಬೇಕಂತೆ. ಹಾಕಿಸಲಾ?

ಉತ್ತರ 1:
ಈಗಲೇ ಬೇಡ. ಈ ಕ್ಲಚ್‌ಗೆ ಲಿವರ್ ಇಲ್ಲ, ಇಂಜಿನ್ ವೇಗ ಏರಿದಂತೆ ಅದರ ಶೂಗಳು (ಲೈನಿಂಗ್ ಅಂಟಿಸಿದ ತುಂಡುಗಳು) ಹೊರಕ್ಕೆ ಸರಿದು ಬೆಲ್ (ಅವುಗಳ ಸುತ್ತ ಇರುವ, ಚಕ್ರ ತಿರುಗಿಸುವ ಬಟ್ಟಲು) ಹಿಡಿಯುತ್ತವೆ. ಇಂಥ 110 ಸಿಸಿ ಸ್ಕೂಟರ್‌ಗಳಿಗೆ ಐಡ್ಲಿಂಗ್ (ಅದೇ ಸ್ಲೋ ಸ್ಪೀಡ್) ಸಾಮಾನ್ಯವಾಗಿ 1,700 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸು ಇರಬೇಕು. ತೀರಾ ಏರಿಸಿದರೆ ನಿಂತಲ್ಲೇ ಶೂ ಬೆಲ್‌ಗೆ ಉಜ್ಜಿ ಗಾಜಿನಂತೆ ನುಣುಪಾಗುತ್ತೆ. ನಡುಕ ಬರೋದು ಅದರಿಂದ. ಆಫ್ ಆಗುವ ಕಾರಣ ಹಾಗೇ ಉಳಿಸಿ ಹೊಸ ಕ್ಲಚ್ ಹಾಕಿಸಿದರೆ ಅದೂ ಸುಡುತ್ತೆ.

ಚೋಕ್‌ನಲ್ಲಿ ಸರಿಯಾಗಿದ್ದು ಆಮೇಲೆ ಆಫ್ ಆದರೆ ಸಾಮಾನ್ಯವಾಗಿ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಮೊದಲ ಅನುಮಾನ ಪೈಲಟ್ ಜೆಟ್ (ಸ್ಲೋ ಸ್ಪೀಡ್‌ನಲ್ಲಿ ಪೆಟ್ರೋಲ್ ಬಿಡುವ, ಕಾರ್ಬುರೇಟರಿನ ಸಣ್ಣ ತೂತಿನ ಭಾಗ) ಮೇಲೆ. ಬಿಚ್ಚಿ ಕಾರ್ಬ್ ಕ್ಲೀನರ್ ಹೊಡೆದು ಗಾಳಿ ಊದಿ. ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಆ ಜೆಟ್ ಮುಗಿಯಿತು. ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ಇನ್‌ಲೆಟ್ ಪೈಪಿನ ಓ-ರಿಂಗ್ ಗಟ್ಟಿಯಾಗಿ ಗಾಳಿ ಎಳೆಯುತ್ತಿದ್ದರೂ ಇದೇ ಲಕ್ಷಣ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಆ ಜಾಗಕ್ಕೆ ಸ್ವಲ್ಪ ಸೋಪು ನೀರು ಸಿಂಪಡಿಸಿ. ಇಂಜಿನ್ ಸದ್ದು ಬದಲಾದರೆ ಅಲ್ಲೇ ಲೀಕ್.

ಟ್ಯಾಪೆಟ್ (ವಾಲ್ವ್ ಸಂದು) ಕೂಡ ನೋಡಿಸಿ, ತಣ್ಣಗಿರುವಾಗ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ, ಮ್ಯಾನುಯಲ್‌ನ ಅಳತೆಗೆ. ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತೆ.

ಇಷ್ಟಾದ ಮೇಲೇ ಟ್ಯೂನಿಂಗ್. ಗಾಳಿ-ಪೆಟ್ರೋಲ್ ಹದ ಮಾಡುವ ಮಿಕ್ಸ್‌ಚರ್ ಸ್ಕ್ರೂವನ್ನು ಹಗುರವಾಗಿ ಕೊನೆ ಮುಟ್ಟಿಸಿ (ಬಿಗಿದರೆ ತುದಿ ಕೆಡುತ್ತೆ) ಸುಮಾರು 2 ಸುತ್ತು ಹೊರಗೆ ತನ್ನಿ. ಗಾಡಿಯನ್ನು 10 ನಿಮಿಷ ಓಡಿಸಿ ಬಂದು ಕಾಲು ಸುತ್ತಿನಂತೆ ಆಚೀಚೆ ತಿರುಗಿಸುತ್ತಾ ಇಂಜಿನ್ ಅತಿ ಜೋರಾಗಿ, ಒಂದೇ ಸಮ ಓಡುವ ಜಾಗ ಹುಡುಕಿ. ಆಮೇಲೆ ಸ್ಲೋ ಸ್ಪೀಡ್ ಸ್ಕ್ರೂನಿಂದ 1,700ಕ್ಕೆ ಇಳಿಸಿ. ಕಿವಿ ನಂಬಬೇಡಿ, ಪ್ಲಗ್ ವೈರಿಗೆ ಸುತ್ತುವ ಟ್ಯಾಕೋಮೀಟರ್ ಸಿಗುತ್ತೆ.

ಕೇಳಿದವರು:
ಜೆಟ್ ಕ್ಲೀನ್ ಮಾಡಿ 1,700ಕ್ಕೆ ಇಟ್ಟೆ, ಆಫ್ ಆಗ್ತಿಲ್ಲ. ಆದರೆ ಡಬಲ್ ಸ್ಟ್ಯಾಂಡ್ ಹಾಕಿದರೆ ಹಿಂದಿನ ಚಕ್ರ ತಿರುಗುತ್ತೆ. ನಡುಕವೂ ಹೋಗಿಲ್ಲ.

ಉತ್ತರ 2:
ಸ್ಟ್ಯಾಂಡ್ ಮೇಲೆ ಮೆಲ್ಲಗೆ ತಿರುಗೋದು ಸಹಜ. ಹಿಂದಿನ ಬ್ರೇಕ್ ಮೆತ್ತಗೆ ಹಿಡಿಯಿರಿ. ಇಂಜಿನ್ ಸದ್ದು ಇಳಿಯದೆ ಚಕ್ರ ನಿಂತರೆ ಸರಿ. ಇಂಜಿನ್ ಕುಗ್ಗಿದರೆ ಅಥವಾ ಆಫ್ ಆದರೆ ಕ್ಲಚ್ ಬಿಡುತ್ತಿಲ್ಲ, ಸ್ಪ್ರಿಂಗ್ ಸಡಿಲವಾಗಿದೆ ಇಲ್ಲ ಮುರಿದಿದೆ. ಮೂರೂ ಸ್ಪ್ರಿಂಗ್ ಒಟ್ಟಿಗೆ ಬದಲಿಸಿ.

ನಡುಕಕ್ಕೆ ಕಿಕ್ ಕವರ್ ತೆಗೆದು ಬೆಲ್ ಬಿಚ್ಚಿ. ಬೆಲ್ ತಿರುಗದಂತೆ ಹೋಲ್ಡರ್‌ನಿಂದಲೇ ಹಿಡಿಯಿರಿ. ಫ್ಯಾನಿನ ರೆಕ್ಕೆಗೆ ಸ್ಕ್ರೂಡ್ರೈವರ್ ಸಿಕ್ಕಿಸಿದರೆ ರೆಕ್ಕೆ ಮುರಿಯುತ್ತೆ. ಶೂ ಲೈನಿಂಗ್ 2 ಮಿ.ಮೀ.ಗಿಂತ ಕಡಿಮೆ ಇದ್ದರೆ ಸೆಟ್ ಬದಲಿಸಿ. ದಪ್ಪ ಇದ್ದು ಹೊಳೆಯುತ್ತಿದ್ದರೆ 120 ನಂಬರಿನ ಮರಳು ಕಾಗದದಿಂದ ಹೊಳಪು ಹೋಗುವಷ್ಟೇ ಉಜ್ಜಿ, ಬೆಲ್ ಒಳಮೈಯನ್ನೂ. ಮಾಸ್ಕ್ ಇರಲಿ. ಬೆಲ್ ನೀಲಿಯಾಗಿದ್ದರೆ ಅಥವಾ ಒಳಗೆ ಅಂಚು ಕೈಗೆ ಸಿಗುವಷ್ಟು ಸವೆದಿದ್ದರೆ ಹೊಸದೇ ಹಾಕಿ.

ಉತ್ತರ 3:
ಒಂದು ಸೇರಿಸುತ್ತೇನೆ. ಶೂ ಮೇಲೆ ಎಣ್ಣೆ ಅಥವಾ ಗ್ರೀಸ್ ಕಂಡರೆ ಉಜ್ಜಿ ಉಪಯೋಗವಿಲ್ಲ, ಲೈನಿಂಗ್ ಹೀರಿಕೊಂಡಿರುತ್ತೆ. ಗೇರ್ ಆಯಿಲ್ ಸೀಲ್, ಪುಲ್ಲಿ ಸೀಲ್ ಎರಡನ್ನೂ ನೋಡಿ, ಸೋರುವುದನ್ನು ಬದಲಿಸಿ, ಆಮೇಲೇ ಹೊಸ ಶೂ. ಶೂ ಬದಲಿಸಲು ನಡುವಿನ ದೊಡ್ಡ ನಟ್ ಬಿಚ್ಚುವಾಗ ಪ್ರೆಸ್‌ನಲ್ಲಿ ಅಥವಾ ಕಂಪ್ರೆಸರ್ ಟೂಲ್‌ನಲ್ಲಿ ಒತ್ತಿ ಹಿಡಿದಿರಬೇಕು. ಇಲ್ಲದಿದ್ದರೆ ಕೆಳಗಿರುವ ಸ್ಪ್ರಿಂಗ್ ಮುಖಕ್ಕೇ ಹಾರುತ್ತೆ.