ಪದಚರ್ಚೆ: ಮಲಯಾಳದ 'ಕರಳ್ ರೋಗ', 'ಆರ್ಸೆನಿಕ್' (ತುರ್ತು)

ಬದಿಯಡ್ಕದಿಂದ:
ಮಲಯಾಳದ ಕರಪತ್ರವೊಂದರ ಕನ್ನಡ ನಾಳೆ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಹೋಗಬೇಕು. ಕರಳ್ ರೋಗಕ್ಕೆ ಆರ್ಸೆನಿಕ್ ಕೂಡ ಕಾರಣವಿರಬಹುದು ಎಂಬುದು ವಿಷಯ. ನನ್ನ ತಲೆಬರಹ: 'ಪಾಷಾಣದ ಒಡ್ಡಿಕೆಯಿಂದ ಕರುಳಿನ ಸಿರೋಸಿಸ್'. ತಿದ್ದಿಕೊಡಿ.

ಮಂಜೇಶ್ವರದಿಂದ:
ಒಂದೂ ಸರಿ ಇಲ್ಲ ಮಾಷ್ಟ್ರೇ. ಮಲಯಾಳದ ಕರಳ್ ಅಂದರೆ ಲಿವರ್. ನಮ್ಮ ಕರುಳಿಗೂ ಅದಕ್ಕೂ ಬೇರು ಒಂದೇ, ಅಂಗ ಬೇರೆ. 'ಪಾಷಾಣ' ಕಂಡವರಿಗೆ ಇಲಿಪಾಷಾಣವೇ ನೆನಪಾಗುವುದು. ಬಾವಿಗೆ ಯಾರೋ ವಿಷ ಹಾಕಿದರೆಂದು ಗುಲ್ಲೇಳುತ್ತದೆ. ಇನ್ನು 'ಒಡ್ಡಿಕೆ': ಯಾರು ಯಾರಿಗೆ ಒಡ್ಡಿದ್ದು? 'ವರ್ಷಗಟ್ಟಲೆ ಹೊಟ್ಟೆಗೆ ಹೋದರೆ' ಅನ್ನಿ, ಸಾಕು.

ಹೊಸೂರಿನಿಂದ:
ಮಲಯಾಳದ ಪದ ಬೇಡ, ಇಂಗ್ಲಿಷಿನ ಲಿವರ್ ಆಗಬಹುದೋ? ಇಲ್ಲಿ ತಮಿಳರು ಈರಲ್ ಅನ್ನುತ್ತಾರೆ, ನಮಗೆ ಈಲಿ ಅನ್ನಲು ನಾಚಿಕೆ. ಆರ್ಸೆನಿಕ್ಕಿಗೂ ಹರಿತಾಳದ ತದ್ಭವ ಅರಿದಾಳ ಇದೆ. ಪರ್ಷಿಯನ್ನಿನ 'ಜರ್ನೀಕ್' ಸಿರಿಯಾಕ್ ದಾಟಿ ಗ್ರೀಕಿನಲ್ಲಿ 'ಆರ್ಸೆನಿಕೋನ್' ಆಯಿತು. ಜರ್ ಎಂದರೆ ಹೊನ್ನು, ಸಂಸ್ಕೃತದ ಹರಿ-ಹಿರಣ್ಯಗಳ ನಂಟು. ಎರಡೂ ಹಳದಿ ಕಲ್ಲಿನ ಹೆಸರೇ.

ಮಂಜೇಶ್ವರದಿಂದ:
ನಂಟು ಸರಿ, ವಸ್ತು ತಪ್ಪು. ಅರಿದಾಳ, ಕೆಂಪು ಕಲ್ಲು ಮಣಿಶಿಲೆ ಆರ್ಸೆನಿಕ್ಕಿಗೆ ಗಂಧಕ ಕೂಡಿದವು, ಬಿಳಿ ಶಂಖಪಾಷಾಣ ಅದರ ಆಕ್ಸೈಡು. ನೀರಿನಲ್ಲಿರುವ ಆರ್ಸೆನಿಕ್ಕಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಹಳದಿ ಹುಡುಕುತ್ತಾ ಕೂತವ ತಿಳಿನೀರನ್ನೇ ಕುಡಿಯುತ್ತಾನೆ. 'ಹರಿತಾಳ, ಮಣಿಶಿಲೆ ಸೇರಿದ ಮದ್ದು ತಿಂದಿದ್ದೀರಾ' ಎಂಬ ಪ್ರಶ್ನೆ ಇದ್ದರೆ ಅಲ್ಲಿ ಮಾತ್ರ ಆ ಹೆಸರುಗಳಿರಲಿ.

ಕಾಸರಗೋಡಿನಿಂದ:
ಪದಕ್ಕಿಂತ ದೊಡ್ಡ ತಪ್ಪು 'ಸಿರೋಸಿಸ್', ಅಂದರೆ ಇಡೀ ಲಿವರ್ ನಾರುಗಟ್ಟಿ ಗಂಟುಗಂಟಾಗುವುದು. ಪಶ್ಚಿಮ ಬಂಗಾಳದಲ್ಲಿ ಕೊಳವೆಬಾವಿ ನೀರು ಕುಡಿದವರಲ್ಲಿ ಹೆಚ್ಚಾಗಿ ಕಂಡದ್ದು ಸಿರೋಸಿಸ್ ಇಲ್ಲದೆ, ಲಿವರಿಗೆ ಕರುಳಿನ ರಕ್ತ ತರುವ ಪೋರ್ಟಲ್ ರಕ್ತನಾಳದ ಸುತ್ತ ಮಾತ್ರ ನಾರುಗಟ್ಟುವುದು. ಅದರಿಂದ ಆ ನಾಳದ ಒತ್ತಡ ಏರಿ ಗುಲ್ಮ (ಸ್ಪ್ಲೀನ್) ಊದುತ್ತದೆ, ಅನ್ನನಾಳದ ರಕ್ತನಾಳ ಒಡೆದು ರಕ್ತವಾಂತಿ ಆಗುತ್ತದೆ. ಲಿವರ್ ಟೆಸ್ಟ್ ಮಾತ್ರ ಬಹುಮಟ್ಟಿಗೆ ಸರಿಯೇ ಇರಬಹುದು, ಅಲ್ಲೇ ಮೋಸಹೋಗುವುದು. ಅಂಗೈ ಅಂಗಾಲಲ್ಲಿ ಆಣಿ, ಎದೆ ಬೆನ್ನಲ್ಲಿ ಮಳೆಹನಿ ಬಿದ್ದಂಥ ಮಚ್ಚೆ ಇವೆಯೇ ಎಂದು ಕೇಳಿ. ಹೆಪಟೈಟಿಸ್ ಬಿ, ಸಿ ಮತ್ತು ಕುಡಿತವನ್ನು ಮೊದಲು ತಳ್ಳಿಹಾಕಬೇಕು. ಆದ್ದರಿಂದ 'ಬಹುದು' ತೆಗೆಯಬೇಡಿ.

ಕುಡಿಯುವ ನೀರಿನಲ್ಲಿ ಆರ್ಸೆನಿಕ್ಕಿನ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಕರಡಿನಲ್ಲಿ ಮಿಲಿಗ್ರಾಂ ಎಂದಾಗಿದೆ, ಸಾವಿರ ಪಟ್ಟು ತಪ್ಪು! 'ಕುದಿಸಿ ಕುಡಿಯಿರಿ' ಹೊಡೆದುಹಾಕಿ. ನೀರು ಆವಿಯಾಗುತ್ತದೆ, ಆರ್ಸೆನಿಕ್ ಅಲ್ಲೇ ಉಳಿಯುತ್ತದೆ. ಮೂತ್ರ ಪರೀಕ್ಷೆಗೆ ಮುಂಚೆ ನಾಲ್ಕೈದು ದಿನ ಬೂತಾಯಿ, ಬಂಗುಡೆ, ಸಿಗಡಿ ಬೇಡವೆಂದು ದಪ್ಪಕ್ಷರದಲ್ಲಿ ಹಾಕಿ. ಕಡಲಮೀನಿನ ಆರ್ಸೆನಿಕ್ ಬಹುಮಟ್ಟಿಗೆ ಅಪಾಯದ್ದಲ್ಲ, ಆದರೆ ಒಟ್ಟು ಲೆಕ್ಕವನ್ನು ಏರಿಸಿಬಿಡುತ್ತದೆ.

ಹೊಸೂರಿನಿಂದ:
ಸಿರೋಸಿಸ್ ಕೂಡ ಗ್ರೀಕಿನ ಕಂದುಹಳದಿಯೇ, ಗಮನಿಸಿ.

ಮಂಜೇಶ್ವರದಿಂದ:
ಗಮನಿಸಿದೆವು. ಅದೇ ಪದವನ್ನು ಈಗಷ್ಟೇ ಹೊಡೆದುಹಾಕಿದ್ದು.

ಬದಿಯಡ್ಕದಿಂದ:
'ವರ್ಷಗಟ್ಟಲೆ ಆರ್ಸೆನಿಕ್ ಹೊಟ್ಟೆಗೆ ಹೋದರೆ ಲಿವರ್ ಕೆಡಬಹುದು.' ಇದೇ ಹೋಗುತ್ತದೆ. ಒಳಪುಟದಲ್ಲಿ ಒಮ್ಮೆ ಯಕೃತ್ತು.

ಹೊಸೂರಿನಿಂದ:
ಈಲಿ ಒಮ್ಮೆಯೂ ಇಲ್ಲವೇ?